ಎರಡು ವರ್ಷ ಮಾರಾಟವಾಗದ ನೇಗಿಲು: ಲಕ್ಷ್ಮಣರಾವ್ ಕಿರ್ಲೋಸ್ಕರರ ಬದುಕು

ಜೂನ್ ತಿಂಗಳಲ್ಲಿ ಶಾಲೆಗಳು ಮರಳಿ ತೆರೆಯುವಾಗ ಆಸ್ಪರಿ, ಆಲೂರು, ಆದವಾನಿ ಕಡೆಯ ಪಾಲಕರು ನಮ್ಮ ಬಳಿಗೆ ಬಂದು ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು. ಊರ ಶಾಲೆಯಲ್ಲಿ, ಕನ್ನಡದಲ್ಲಿ ಓದಿ, ಪರೀಕ್ಷೆಯಲ್ಲಿ ಅಷ್ಟೇನೂ ಅಂಕ ಬಾರದ ಹುಡುಗ ಮುಂದೆ ಏನಾದಾನು? ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ಗುಳೆ ಹೋಗುವ ಮನೆಗಳ ತಂದೆತಾಯಿಗಳಿಗೆ ಇದು ಬರಿಯ ಚರ್ಚೆಯ ಪ್ರಶ್ನೆಯಲ್ಲ. ಮಗುವನ್ನು ಶಾಲೆಯಲ್ಲಿ ಬಿಟ್ಟುಹೋಗುವುದೋ ಜೊತೆಗೆ ಕರೆದೊಯ್ಯುವುದೋ ಎಂಬುದು ಅದರ ಉತ್ತರದ ಮೇಲೆ ನಿಂತಿರುತ್ತದೆ. ನಾವು ಸಮಾಧಾನ ಹೇಳುವುದಕ್ಕಿಂತ ಒಬ್ಬರ ಬದುಕನ್ನು ಹೇಳುವುದು ಒಳ್ಳೆಯದೆಂದುಕೊಂಡಿದ್ದೇವೆ. ಅವರ ಹೆಸರು ನಮ್ಮ ಹೊಲಗಳ ಪಂಪಿನ ಮೇಲೆ, ಎಂಜಿನ್ನಿನ ಮೇಲೆ ಅಚ್ಚಾಗಿದೆ. ಆದರೆ ಆ ಹೆಸರಿನ ಮನುಷ್ಯ ಯಾರೆಂದು ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ತಿಳಿಯದು.

ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದರು. ಮನೆಮಾತು ಮರಾಠಿ, ಊರಮಾತು ಕನ್ನಡ. ಗಡಿಯ ಜನರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂದೆ ಕಾಶೀನಾಥಪಂತರು ವೇದಾಂತದಲ್ಲಿ ಒಲವುಳ್ಳವರು. ಮಗ ಎಲ್ಲರಂತೆ ಓದಿ ಎಲ್ಲರಂತೆ ನೌಕರಿ ಹಿಡಿಯಲೆಂದು ಬಯಸಿದವರು. ಮಗನಿಗೆ ಪಾಠದಲ್ಲಿ ಮನಸ್ಸಿರಲಿಲ್ಲ. ಚಿತ್ರ ಬರೆಯುವುದು, ಯಂತ್ರಗಳನ್ನು ನೋಡುವುದು, ಇವೆರಡೇ ಅವನ ಆಸೆಗಳು. ತಂದೆಗೆ ಇಷ್ಟವಿಲ್ಲದಿದ್ದರೂ ಹಿರಿಯ ಅಣ್ಣ ರಾಮಚಂದ್ರರಾಯರು, ಅಂದರೆ ಮನೆಯವರ ರಾಮುಅಣ್ಣ, ಬೆಂಬಲಕ್ಕೆ ನಿಂತರು. 1885ರಲ್ಲಿ ಲಕ್ಷ್ಮಣರಾಯರು ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದರು.

ಅಲ್ಲಿ ಎರಡು ವರ್ಷ ಕಳೆದ ಮೇಲೆ ಹೊರಬಿದ್ದ ಸಂಗತಿ ಯಾವ ಚಿತ್ರಕಾರನಿಗೂ ಬರಬಾರದಂಥದು. ಅವರಿಗೆ ಭಾಗಶಃ ವರ್ಣಾಂಧತೆ ಇತ್ತು. ಬಣ್ಣಗಳನ್ನು ಸರಿಯಾಗಿ ಗುರುತಿಸಲಾಗದವನಿಗೆ ವರ್ಣಚಿತ್ರದಲ್ಲಿ ಭವಿಷ್ಯವಿಲ್ಲ. ತಂದೆಯ ಮಾತು ಮೀರಿ ಬಂದ ಹುಡುಗ ಹಿಂದಿರುಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಕುಂಚವನ್ನು ಕೆಳಗಿಟ್ಟರು, ಆದರೆ ಗೆರೆಯನ್ನು ಬಿಡಲಿಲ್ಲ. ಯಂತ್ರಗಳ ನಕ್ಷೆ ಬರೆಯಲು ಬಣ್ಣ ಬೇಕಿಲ್ಲ. ಅಳತೆ ಬೇಕು, ಸ್ಥಿರವಾದ ಕೈ ಬೇಕು. ಆ ವಿದ್ಯೆಯನ್ನು ಕಲಿತು ಮುಂಬಯಿಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಯಾಂತ್ರಿಕ ರೇಖಾಚಿತ್ರದ ಸಹಾಯಕ ಅಧ್ಯಾಪಕರಾದರು. ಉಪಾಧ್ಯಾಯ ವೃತ್ತಿಯವರಾದ ನಾವು ಈ ಭಾಗವನ್ನು ಸ್ವಲ್ಪ ಹೆಮ್ಮೆಯಿಂದಲೇ ಓದಿಕೊಳ್ಳುತ್ತೇವೆ. ಪಾಠ ಮುಗಿದ ಮೇಲಿನ ವೇಳೆಯನ್ನು ಅವರು ಸಂಸ್ಥೆಯ ಕಾರ್ಯಶಾಲೆಯಲ್ಲಿ ಕಳೆಯುತ್ತಿದ್ದರು. ಕಾಗದದ ಮೇಲೆ ಬರೆದುದನ್ನು ಕಬ್ಬಿಣದಲ್ಲಿ ಕೈಯಾರೆ ಮಾಡಿ ಕಲಿತರು.

ಇದೇ ಹೊತ್ತಿನಲ್ಲಿ ಮೊದಲ ವ್ಯಾಪಾರವೂ ಶುರುವಾಯಿತು. ಸೈಕಲ್ ಆಗ ಹೊಸ ವಸ್ತು. 1888ರಲ್ಲಿ ಅಣ್ಣತಮ್ಮಂದಿರು ಬೆಳಗಾವಿಯಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಎಂಬ ಹೆಸರಿನಲ್ಲಿ ಸೈಕಲ್ ಅಂಗಡಿ ತೆರೆದರು. ತಮ್ಮ ಮುಂಬಯಿಯಲ್ಲಿ ಸೈಕಲ್ ಕೊಂಡು ಕಳುಹಿಸುವುದು, ಅಣ್ಣ ಬೆಳಗಾವಿಯಲ್ಲಿ ಮಾರುವುದು. ಒಂದು ಸೈಕಲ್ಲಿನ ಬೆಲೆ 700ರಿಂದ 1000 ರೂಪಾಯಿ. ಸವಾರಿ ಕಲಿಸಲು ಪ್ರತ್ಯೇಕವಾಗಿ 15 ರೂಪಾಯಿ. ಈ 15 ರೂಪಾಯಿಯ ಮೇಲೆ ನಮ್ಮ ಕಣ್ಣು ನಿಲ್ಲುತ್ತದೆ. ಕೊಳ್ಳುವವನಿಗೆ ವಸ್ತುವನ್ನು ಬಳಸಲು ಬಾರದಿದ್ದರೆ ಮೊದಲು ಕಲಿಸಬೇಕೆಂಬ ತಿಳಿವಳಿಕೆ ಅಣ್ಣತಮ್ಮಂದಿರಿಗೆ ಅಲ್ಲೇ ಬಂದಿರಬೇಕು. ಮುಂದೆ ನೇಗಿಲು ಮಾರುವಾಗ ಅವರಿಗೆ ಬೇಕಾದದ್ದೂ ಅದೇ.

1897ರಲ್ಲಿ ಸಂಸ್ಥೆಯಲ್ಲಿ ಅವರಿಗೆ ಸಿಗಬೇಕಾಗಿದ್ದ ಬಡ್ತಿ ಒಬ್ಬ ಆಂಗ್ಲೋ ಇಂಡಿಯನ್ನರಿಗೆ ಹೋಯಿತು. ಲಕ್ಷ್ಮಣರಾಯರು ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದರು. ಬರಿಗೈಯಲ್ಲಿ ಬರಲಿಲ್ಲ ಎಂಬುದನ್ನು ಗಮನಿಸಬೇಕು. ಅಂಗಡಿಯೊಂದು ಆಗಲೇ ನಡೆಯುತ್ತಿತ್ತು, ನಕ್ಷೆ ಬರೆಯುವ ಕೈ ಇತ್ತು, ಯಂತ್ರದ ಬಳಕೆ ಇತ್ತು, ಅಣ್ಣ ಇದ್ದರು. ಅವಮಾನವೊಂದೇ ಯಾರನ್ನೂ ಉದ್ಯಮಿಯನ್ನಾಗಿ ಮಾಡುವುದಿಲ್ಲ. ಹಿಂದಿನ ಹತ್ತು ವರ್ಷಗಳಲ್ಲಿ ಕೂಡಿಟ್ಟ ಸಣ್ಣ ಸಣ್ಣ ಗಳಿಕೆಗಳು ಇಲ್ಲದಿದ್ದರೆ ಆ ರಾಜೀನಾಮೆ ಬರಿಯ ಸಿಟ್ಟಾಗಿ ಉಳಿಯುತ್ತಿತ್ತು ಎಂದೇ ನಮ್ಮ ಎಣಿಕೆ.

ಬೆಳಗಾವಿಯಲ್ಲಿ ಅವರು ಕೈಹಾಕಿದ್ದು ರೈತರ ಸಾಮಾನಿಗೆ. ಮೊದಲು ಮೇವು ಕತ್ತರಿಸುವ ಯಂತ್ರ, ಅದರೊಂದಿಗೆ ಕಬ್ಬಿಣದ ನೇಗಿಲು. ನೇಗಿಲಿನ ಕಥೆಯನ್ನು ಎರೆಭೂಮಿಯ ನಮ್ಮ ಜನ ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲರು. ಮಳೆ ಬಿದ್ದರೆ ಕಾಲಿಗಂಟುವ, ಬಿಸಿಲಿಗೆ ಬಾಯಿಬಿಡುವ ಮಣ್ಣಿನಲ್ಲಿ ಮರದ ರಂಟೆ ಎಷ್ಟು ಆಳಕ್ಕೆ ಹೋದೀತು? ಆದರೂ ರೈತರು ಕಬ್ಬಿಣದ ನೇಗಿಲನ್ನು ಮುಟ್ಟಲಿಲ್ಲ. ಕಬ್ಬಿಣ ತಾಕಿದರೆ ಭೂಮಿಗೆ ವಿಷವೇರುತ್ತದೆಂಬ ನಂಬಿಕೆ ಗಟ್ಟಿಯಾಗಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಎರಡು ವರ್ಷ! ಒಂದು ಘಟಕ ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ ಮಗುವಿನ ಶಾಲೆ ಬದಲಿಸಲು ಹೊರಡುವ ಪಾಲಕರಿಗೆ ಈ ಲೆಕ್ಕವನ್ನು ನಾವು ಆಗಾಗ ನೆನಪಿಸುವುದುಂಟು.

ನೇಗಿಲಿಗೆ ಹೆಸರು ಬರುವ ಹೊತ್ತಿಗೆ ನೆಲವೇ ಜಾರಿತು. ಬೆಳಗಾವಿ ನಗರಸಭೆಯ ನಿಬಂಧನೆಗಳಿಂದಾಗಿ ಕಾರ್ಖಾನೆಯನ್ನು ಇದ್ದ ಜಾಗದಲ್ಲಿ ಮುಂದುವರಿಸಲಾಗದೆ ಬೇರೆಡೆಗೆ ಒಯ್ಯಬೇಕಾಯಿತು. ಆಗ ಕೈಹಿಡಿದವರು ಔಂಧ್ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಗಳು. 10,000 ರೂಪಾಯಿ ಸಾಲ, ಕುಂಡಲ್ ರೋಡ್ ರೈಲ್ವೆ ನಿಲ್ದಾಣದ ಬಳಿ 32 ಎಕರೆ ಜಾಗ ದೊರೆಯಿತು. ಜಾಗವೆಂದರೆ ಪಾಪಾಸುಕಳ್ಳಿ ಬೆಳೆದ, ನಾಗರಹಾವುಗಳು ಹರಿದಾಡುವ ಬೀಳುಭೂಮಿ. ಆ ನಿಲ್ದಾಣ ಪುಣೆ–ಮೀರಜ ಮಾರ್ಗದ್ದು. ಅಂದು ಅದೂ ನಮ್ಮ ಆಸ್ಪರಿಯ ಹಳಿಯೂ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಎಂಬ ಒಂದೇ ಕಂಪನಿಗೆ ಸೇರಿದ್ದವು. 1910ರಲ್ಲಿ ಇಪ್ಪತ್ತೈದು ಕೆಲಸಗಾರರು ಮತ್ತು ಅವರ ಸಂಸಾರಗಳೊಂದಿಗೆ ಲಕ್ಷ್ಮಣರಾಯರು ಅಲ್ಲಿ ಇಳಿದರು. ಕಳ್ಳಿ ಕಡಿದ ನೆಲದಲ್ಲಿ ಕಾರ್ಖಾನೆ ಎದ್ದಿತು, ಊರು ಎದ್ದಿತು. ಕೊನೆಗೆ ನಿಲ್ದಾಣದ ಹೆಸರೂ ಕಿರ್ಲೋಸ್ಕರವಾಡಿ ಎಂದಾಯಿತು.

ಆ ಊರನ್ನು ಕಟ್ಟಿದವರ ಪಟ್ಟಿಯೇ ನಮಗೆ ಅವರ ಬದುಕಿನ ಅತ್ಯಂತ ಮುಖ್ಯವಾದ ಭಾಗ. ರಾಮುಅಣ್ಣನವರು ಆಡಳಿತ ನೋಡಿಕೊಂಡರು. ಶಂಭೂರಾವ್ ಜಾಂಭೇಕರರು ಎಂಜಿನಿಯರರಾದರು. ಓದಿನಲ್ಲಿ ಮುಂದೆ ಬಾರದ ಕೆ.ಕೆ. ಕುಲಕರ್ಣಿಯವರು ವ್ಯವಸ್ಥಾಪಕರಾಗಿ ಎಂಥ ತೊಡಕನ್ನೂ ಬಿಡಿಸುವವರೆನಿಸಿದರು. ಗುಮಾಸ್ತರಾಗಿದ್ದ ಮಂಗೇಶರಾವ್ ರೇಗೆ ಮುಖ್ಯ ಲೆಕ್ಕಿಗರಾದರು. ಶಾಲೆಯಲ್ಲಿ ಸೋತ ಅನಂತರಾವ್ ಫಳಣೀಕರರು ಕಲ್ಪನಾಶಕ್ತಿಯುಳ್ಳ ಎಂಜಿನಿಯರರಾಗಿ ಬೆಳೆದರು. ದರೋಡೆಯ ಅಪರಾಧಕ್ಕೆ ಶಿಕ್ಷೆ ಅನುಭವಿಸಿದ್ದ ತುಕಾರಾಮ ರಾಮೋಶಿ, ಪೀರ್ಯಾ ಮಾಂಗ ಎಂಬಿಬ್ಬರು ಊರಿನ ನಂಬುಗೆಯ ಕಾವಲುಗಾರರಾದರು. ಅಸ್ಪೃಶ್ಯತೆಗೆ ಆ ಊರಿನಲ್ಲಿ ಎಡೆಯಿರಲಿಲ್ಲ. ವರ್ಣಾಂಧತೆಯಿಂದ ಒಂದು ದಾರಿ ಮುಚ್ಚಿ ಇನ್ನೊಂದು ತೆರೆದುದನ್ನು ತನ್ನಲ್ಲೇ ಕಂಡ ಮನುಷ್ಯ ಇತರರನ್ನು ಅಂಕಪಟ್ಟಿಯಿಂದ ಅಳೆಯದೆ ಹೋದುದರಲ್ಲಿ ಆಶ್ಚರ್ಯವೇನಿದೆ? ಹತ್ತನೆಯ ತರಗತಿಯಲ್ಲಿ ಸೋತು ಮನೆಯಲ್ಲಿ ಕುಳಿತ ನಮ್ಮ ಹುಡುಗರನ್ನು ಹೀಗೆ ನೋಡುವವರು ಈ ಸುತ್ತಿನಲ್ಲಿ ಎಷ್ಟು ಜನರಿದ್ದಾರೆ ಎಂದು ನಾವು ಯೋಚಿಸುತ್ತೇವೆ. ಆ ಲೆಕ್ಕದಲ್ಲಿ ನಮ್ಮನ್ನೂ ಹೊರಗಿಡುವಂತಿಲ್ಲ.

ಮೊದಲ ಮಹಾಯುದ್ಧ ಬಂದಾಗ ವಿದೇಶದ ನೇಗಿಲುಗಳ ಆಮದು ನಿಂತು ಕಿರ್ಲೋಸ್ಕರ್ ನೇಗಿಲಿಗೆ ಬೇಡಿಕೆ ಏರಿತು. ಕಬ್ಬಿಣ, ಕಲ್ಲಿದ್ದಲು, ಬಣ್ಣ ಮಾತ್ರ ಸಿಗದಾದವು. ಕೊಲ್ಹಾಪುರದ ಶಾಹೂ ಮಹಾರಾಜರು ಕೋಟೆಗಳ ಹಳೆಯ ತೋಪುಗಳನ್ನು ಕರಗಿಸಲು ಕೊಟ್ಟರು. ಯುದ್ಧಕ್ಕಾಗಿ ಎರಕಹೊಯ್ದ ಲೋಹ ಉಳುಮೆಗೆ ಬಂದಿತು. ಒಂದು ಕಾಲದಲ್ಲಿ ಎರಡು ವರ್ಷ ಕಾದು ಕುಳಿತಿದ್ದ ನೇಗಿಲನ್ನು ಈಗ ಜನ ಹುಡುಕಿಕೊಂಡು ಬರುತ್ತಿದ್ದರು.

ಮುಂದಿನದು ಬಹುಮಟ್ಟಿಗೆ ಎಲ್ಲರಿಗೂ ತಿಳಿದದ್ದು. 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿಯಾಗಿ ನೋಂದಣಿಯಾಯಿತು. ಕಬ್ಬಿನ ಗಾಣ, ನೀರೆತ್ತುವ ಪಂಪು ತಯಾರಾದವು. ಶೇಂಗಾ ಸುಲಿಯುವ ಯಂತ್ರವೂ ಬಂತು. ಶೇಂಗಾ ಬೆಳೆಯುವ ನಮ್ಮ ಸೀಮೆಯವರಿಗೆ ಅದರ ಬೆಲೆ ಹೇಳಬೇಕೆ! ಮಗ ಶಂತನುರಾವ್ ಅಮೆರಿಕದಲ್ಲಿ ಎಂಜಿನಿಯರಿಂಗ್ ಓದಿ ಬಂದು ಉದ್ಯಮವನ್ನು ಬೆಳೆಸಿದರು. 1941ರಲ್ಲಿ ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಅದೇ ವರ್ಷ ಪುಣೆಯಲ್ಲಿ ಆಯಿಲ್ ಎಂಜಿನ್ ಕಾರ್ಖಾನೆ. ಹರಿಹರದ ಲೇತ್ ಯಂತ್ರಗಳ ಮೇಲೆ ಕೆಲಸ ಕಲಿತು ಜೀವನ ಕಟ್ಟಿಕೊಂಡ ಕನ್ನಡದ ಮಕ್ಕಳು ಸಾವಿರಾರು.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಐದು ವಾರಗಳ ನಂತರ, ನವೆಂಬರ್ 1ರಂದು, ಅವರು ಹುಟ್ಟಿದ ಗುರ್ಲಹೊಸೂರೂ ಸೈಕಲ್ ಮಾರಿದ ಬೆಳಗಾವಿಯೂ ಮೈಸೂರು ರಾಜ್ಯಕ್ಕೆ ಸೇರಿದವು. ಕಿರ್ಲೋಸ್ಕರವಾಡಿ ಮುಂಬಯಿ ರಾಜ್ಯದಲ್ಲಿ ಉಳಿಯಿತು. ನಮ್ಮ ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಹೋಗಿ ಆಗ ಮೂರು ವರ್ಷವಾಗಿತ್ತು.