ರಕ್ತದ ಕೊಬ್ಬಿಗೆ ಲೆಕ್ಕ ಬರೆದ ವೈದ್ಯ ಡೊನಾಲ್ಡ್ ಫ್ರೆಡ್ರಿಕ್ಸನ್

ರಕ್ತಪರೀಕ್ಷೆಯ ವರದಿ ಕೈಸೇರಿದೊಡನೆ ನಡುವಯಸ್ಸು ದಾಟಿದವರ ಕಣ್ಣು ಮೊದಲು ಹುಡುಕುವುದು ಎಲ್‌ಡಿಎಲ್ ಎಂಬ ಸಾಲನ್ನು. ಜನಸಾಮಾನ್ಯರು 'ಕೆಟ್ಟ ಕೊಲೆಸ್ಟ್ರಾಲ್' ಎಂದು ಕರೆಯುವ ಈ ಅಂಶ ಇಷ್ಟು ಮಿಲಿಗ್ರಾಂ ಇದೆ ಎಂದು ಅಲ್ಲಿ ಸ್ಪಷ್ಟವಾಗಿ ಅಚ್ಚಾಗಿರುತ್ತದೆ. ಯಂತ್ರವೊಂದು ಅದನ್ನು ನೇರವಾಗಿ ಅಳೆದಿದೆ ಎಂದೇ ಹೆಚ್ಚಿನವರ ನಂಬಿಕೆ. ವಾಸ್ತವದಲ್ಲಿ ಅಸಂಖ್ಯ ವರದಿಗಳಲ್ಲಿ ಆ ಅಂಕಿ ಅಳತೆಯಲ್ಲ, ಲೆಕ್ಕಾಚಾರ. ಒಂದು ಕೂಡಿಕೆ, ಒಂದು ಕಳೆಯುವಿಕೆ, ಐದರಿಂದ ಒಂದು ಭಾಗಾಕಾರ, ಅಷ್ಟೇ. ಆ ಲೆಕ್ಕ 1972ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಹುಟ್ಟಿತು. ಅದನ್ನು ರೂಪಿಸಿದ ಮೂವರಲ್ಲಿ ಹಿರಿಯರಾಗಿದ್ದವರು ಡಾ. ಡೊನಾಲ್ಡ್ ಫ್ರೆಡ್ರಿಕ್ಸನ್.

ಫ್ರೆಡ್ರಿಕ್ಸನ್ ಜನಿಸಿದ್ದು 1924ರ ಆಗಸ್ಟ್ 8ರಂದು, ಕೊಲರಾಡೊ ರಾಜ್ಯದ ಕ್ಯಾನನ್ ಸಿಟಿಯಲ್ಲಿ. 1949ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದು, ಬಾಸ್ಟನ್ನಿನ ಆಸ್ಪತ್ರೆಗಳಲ್ಲಿ ತರಬೇತಿ ಮುಗಿಸಿದರು. ಹಾಲೆಂಡ್ ಮೂಲದ ಪ್ರಿಸಿಲ್ಲಾ ಅವರನ್ನು ವರಿಸಿದರು. 1953ರಲ್ಲಿ ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಸೇರಿದ ಹೃದಯ ಸಂಸ್ಥೆಯಲ್ಲಿ ಸಂಶೋಧಕರಾಗಿ ಕಾಲಿಟ್ಟರು. ಅವರ ಬದುಕಿನ ಬಹುಭಾಗ ಕಳೆದದ್ದು ಆ ಆವರಣದಲ್ಲಿಯೇ.

ಆ ಕಾಲಕ್ಕೆ ಕೊಲೆಸ್ಟ್ರಾಲ್ ಹೊಸ ಪದವೇನೂ ಆಗಿರಲಿಲ್ಲ. ಗಂಧಕಾಮ್ಲ ಮೊದಲಾದ ರಾಸಾಯನಿಕಗಳನ್ನು ಬೆರೆಸಿದಾಗ ಮೂಡುವ ಹಸಿರು ಬಣ್ಣದ ಗಾಢತೆಯನ್ನು ನೋಡಿ ಅದರ ಪ್ರಮಾಣವನ್ನು ಅಂದಾಜಿಸುವ ಕ್ರಮ 19ನೇ ಶತಮಾನದ ಕೊನೆಯ ಆವಿಷ್ಕಾರವೊಂದನ್ನು ಆಧರಿಸಿತ್ತು. ಆದರೆ ಬಣ್ಣ ತಾಪಮಾನಕ್ಕೂ ಸಮಯಕ್ಕೂ ತಕ್ಕಂತೆ ಬದಲಾಗುತ್ತಿತ್ತು. ರಕ್ತದ ಬೇರೆ ಪದಾರ್ಥಗಳೂ ಅದರಲ್ಲಿ ಕೈಯಾಡಿಸುತ್ತಿದ್ದವು. ಒಂದೇ ರಕ್ತವನ್ನು ಎರಡು ಪ್ರಯೋಗಾಲಯಗಳಿಗೆ ಕಳುಹಿಸಿದರೆ ಎರಡು ಉತ್ತರಗಳು ಬರುವುದು ಅಪರೂಪವಾಗಿರಲಿಲ್ಲ. 1952ರಲ್ಲಿ ಏಬೆಲ್, ಕೆಂಡಾಲ್ ಮತ್ತು ಸಂಗಡಿಗರು ಕೊಲೆಸ್ಟ್ರಾಲನ್ನು ಮೊದಲು ಬೇರ್ಪಡಿಸಿ ನಂತರ ಬಣ್ಣ ಬರಿಸುವ ವಿಧಾನವನ್ನು ಪ್ರಕಟಿಸಿದ ಮೇಲೆ ಒಂದು ಮಾನದಂಡ ದೊರೆಯಿತು.

ಇದಕ್ಕಿಂತ ದೊಡ್ಡ ತೊಡಕು ಬೇರೆಯಿತ್ತು. ಕೊಬ್ಬು ನೀರಿನಲ್ಲಿ ಕರಗದು. ಆದ್ದರಿಂದ ರಕ್ತದಲ್ಲಿ ಕೊಲೆಸ್ಟ್ರಾಲ್ ಒಂಟಿಯಾಗಿ ಸಂಚರಿಸುವುದಿಲ್ಲ. ಪ್ರೋಟೀನಿನ ಹೊದಿಕೆಯುಳ್ಳ ಸೂಕ್ಷ್ಮ ಕಣಗಳನ್ನೇರಿ ಸಾಗುತ್ತದೆ. ಇವೇ ಲಿಪೊಪ್ರೋಟೀನ್‌ಗಳು. ಎಲ್‌ಡಿಎಲ್, ಎಚ್‌ಡಿಎಲ್, ವಿಎಲ್‌ಡಿಎಲ್ ಎಂಬುವು ಅವುಗಳ ಸಾಂದ್ರತೆಗೆ ತಕ್ಕಂತೆ ಇಟ್ಟ ಹೆಸರುಗಳು. ಒಟ್ಟು ಕೊಲೆಸ್ಟ್ರಾಲ್ ಎಷ್ಟಿದೆ ಎಂಬುದಕ್ಕಿಂತ ಅದು ಯಾವ ಕಣದಲ್ಲಿದೆ ಎಂಬುದು ಮುಖ್ಯ ಎಂದು ಕ್ಯಾಲಿಫೋರ್ನಿಯಾದ ಜಾನ್ ಗಾಫ್‌ಮನ್ 1950ರ ಸುಮಾರಿಗೆ ತೋರಿಸಿದ್ದರು. ಅದಕ್ಕೆ ಅವರು ಬಳಸಿದ್ದು ಅಲ್ಟ್ರಾಸೆಂಟ್ರಿಫ್ಯೂಜ್ ಎಂಬ ಅತಿವೇಗದ ತಿರುಗುಯಂತ್ರವನ್ನು.

ದ್ವೀಪದ ಬಾಲಕ ಕಲಿಸಿದ ಪಾಠ

ಈ ಮಾತಿನ ಸತ್ಯ ಫ್ರೆಡ್ರಿಕ್ಸನ್ ಅವರಿಗೆ ಮನದಟ್ಟಾದುದು ಒಬ್ಬ ಬಾಲಕನಿಂದ. ವರ್ಜೀನಿಯಾ ರಾಜ್ಯದ ಚೆಸಪೀಕ್ ಕೊಲ್ಲಿಯಲ್ಲಿ ಟ್ಯಾಂಜಿಯರ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿನ ಬಾಲಕನೊಬ್ಬನ ಗಂಟಲಿನ ಟಾನ್ಸಿಲ್‌ಗಳು ಕಿತ್ತಳೆ ಬಣ್ಣಕ್ಕೆ ತಿರುಗಿ ಊದಿದ್ದವು. ಪರೀಕ್ಷಿಸಿದಾಗ ಅವುಗಳಲ್ಲಿ ಕೊಲೆಸ್ಟ್ರಾಲ್ ತುಂಬಿತ್ತು. ಆದರೆ ಅವನ ರಕ್ತದಲ್ಲಿನ ಒಟ್ಟು ಕೊಲೆಸ್ಟ್ರಾಲ್ ಮಾತ್ರ ಕಡಿಮೆಯಿತ್ತು. ಅವನ ಸೋದರಿಯ ಸ್ಥಿತಿಯೂ ಅದೇ. ಕಣಗಳನ್ನು ಬೇರ್ಪಡಿಸಿ ನೋಡಿದಾಗ ಎಚ್‌ಡಿಎಲ್ ಬಹುತೇಕ ಇಲ್ಲವೇ ಇಲ್ಲವೆಂಬುದು ಗೊತ್ತಾಯಿತು. 1961ರಲ್ಲಿ ಫ್ರೆಡ್ರಿಕ್ಸನ್ ಮತ್ತು ಸಹೋದ್ಯೋಗಿಗಳು ಈ ಆನುವಂಶಿಕ ರೋಗವನ್ನು ವಿವರಿಸಿ, ದ್ವೀಪದ ಹೆಸರನ್ನೇ ಅದಕ್ಕಿಟ್ಟರು. ಅದಕ್ಕೆ ಕಾರಣವಾದ ವಂಶವಾಹಿ ಪತ್ತೆಯಾದುದು 1999ರಲ್ಲಿ. ಒಟ್ಟು ಮೊತ್ತವೊಂದನ್ನೇ ನಂಬಿದರೆ ರೋಗವೇ ಕಣ್ತಪ್ಪಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿರಲಿಲ್ಲ.

1967ರಲ್ಲಿ ರಾಬರ್ಟ್ ಲೆವಿ ಮತ್ತು ರಾಬರ್ಟ್ ಲೀಸ್ ಅವರೊಡಗೂಡಿ ಫ್ರೆಡ್ರಿಕ್ಸನ್ ರಕ್ತದ ಕೊಬ್ಬಿನ ಏರುಪೇರುಗಳನ್ನು ಐದು ಬಗೆಗಳಾಗಿ ವಿಂಗಡಿಸಿದರು. ಈ ವರ್ಗೀಕರಣ ಅವರ ಹೆಸರಿನಿಂದಲೇ ಪ್ರಸಿದ್ಧವಾಯಿತು. 1970ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅಲ್ಪ ಮಾರ್ಪಾಡಿನೊಂದಿಗೆ ಸ್ವೀಕರಿಸಿತು. ಆದರೆ ಎಲ್‌ಡಿಎಲ್ ಪ್ರಮಾಣವನ್ನು ಖಚಿತವಾಗಿ ತಿಳಿಯಲು ಅಲ್ಟ್ರಾಸೆಂಟ್ರಿಫ್ಯೂಜ್ ಬೇಕಿತ್ತು. ಅದು ದುಬಾರಿ ಯಂತ್ರ; ಒಂದೊಂದು ಮಾದರಿಗೂ ಗಂಟೆಗಟ್ಟಲೆ ಸಮಯ ಹಿಡಿಯುತ್ತಿತ್ತು. ಸಂಶೋಧನಾಲಯಕ್ಕೆ ಅದು ಸರಿ, ಸಾವಿರಾರು ಜನರ ತಪಾಸಣೆಗೆ ಅಸಾಧ್ಯ. ಕೆಲವರಿಗೆ ಮಾತ್ರ ದಕ್ಕುವ ಖಚಿತ ಅಳತೆಯೇ, ಎಲ್ಲರಿಗೂ ಎಟುಕುವ ಅಂದಾಜೇ? ಈ ಪ್ರಶ್ನೆ ಅವರೆದುರು ನಿಂತಿತು.

ಐದರ ಭಾಗಾಕಾರ

ಉತ್ತರ ದೊರೆತದ್ದು 1972ರಲ್ಲಿ. ವಿಲಿಯಂ ಫ್ರೀಡ್‌ವಾಲ್ಡ್, ಲೆವಿ ಹಾಗೂ ಫ್ರೆಡ್ರಿಕ್ಸನ್ 448 ಜನರ ರಕ್ತವನ್ನು ಪರೀಕ್ಷಿಸಿ ಒಂದು ಸೂತ್ರವನ್ನು ಮುಂದಿಟ್ಟರು. ಹಸಿದ ಹೊಟ್ಟೆಯಲ್ಲಿ ತೆಗೆದ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಬಹುಪಾಲು ವಿಎಲ್‌ಡಿಎಲ್ ಕಣಗಳಲ್ಲಿರುತ್ತದೆ. ಆ ಕಣಗಳಲ್ಲಿ ಸರಿಸುಮಾರು ಐದು ಪಾಲು ಟ್ರೈಗ್ಲಿಸರೈಡಿಗೆ ಒಂದು ಪಾಲು ಕೊಲೆಸ್ಟ್ರಾಲ್ ಇರುತ್ತದೆ. ಆದ್ದರಿಂದ ಟ್ರೈಗ್ಲಿಸರೈಡನ್ನು ಐದರಿಂದ ಭಾಗಿಸಿದರೆ ವಿಎಲ್‌ಡಿಎಲ್ ಕೊಲೆಸ್ಟ್ರಾಲ್ ಸಿಗುತ್ತದೆ. ಅದನ್ನೂ ಎಚ್‌ಡಿಎಲ್ ಅನ್ನೂ ಕೂಡಿಸಿ ಒಟ್ಟು ಕೊಲೆಸ್ಟ್ರಾಲಿನಿಂದ ಕಳೆದರೆ ಉಳಿಯುವುದೇ ಎಲ್‌ಡಿಎಲ್. ಉದಾಹರಣೆಗೆ, ಡೆಸಿಲೀಟರಿಗೆ ಒಟ್ಟು ಕೊಲೆಸ್ಟ್ರಾಲ್ 200 ಮಿಲಿಗ್ರಾಂ, ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 150 ಇದ್ದರೆ ವಿಎಲ್‌ಡಿಎಲ್ 30, ಎಲ್‌ಡಿಎಲ್ 130.

ಪ್ರಬಂಧದಲ್ಲಿ ಮೊದಲ ಹೆಸರು ಫ್ರೀಡ್‌ವಾಲ್ಡ್ ಅವರದಾದ್ದರಿಂದ ಸೂತ್ರಕ್ಕೆ ಅವರ ಹೆಸರೇ ನಿಂತಿತು. ಅದರ ಮಿತಿಗಳನ್ನು ಮೂವರೂ ಮುಚ್ಚಿಡಲಿಲ್ಲ. ಟ್ರೈಗ್ಲಿಸರೈಡ್ 400 ದಾಟಿದರೆ, ಊಟದ ನಂತರದ ಕೊಬ್ಬಿನ ಕಣಗಳು ರಕ್ತದಲ್ಲಿ ಉಳಿದಿದ್ದರೆ, ಅಥವಾ ರೋಗಿ ತಮ್ಮದೇ ವರ್ಗೀಕರಣದ ಮೂರನೆಯ ಬಗೆಗೆ ಸೇರಿದ್ದರೆ ಸೂತ್ರ ಸಲ್ಲದೆಂದು ಅವರು ಪ್ರಬಂಧದಲ್ಲೇ ಸಾರಿದ್ದರು. ಪರೀಕ್ಷೆಗೆ ಮುನ್ನ ರಾತ್ರಿಯಿಡೀ ಉಪವಾಸವಿರಬೇಕೆಂಬ ದೀರ್ಘಕಾಲದ ಕಟ್ಟಳೆಗೆ ಈ ಲೆಕ್ಕವೂ ಒಂದು ಕಾರಣ.

ಸೂತ್ರ ಕ್ಷಿಪ್ರವಾಗಿ ಹರಡಿತು. 1974ರಲ್ಲಿ ಪ್ರಕಟವಾದ ಕಿಣ್ವ ವಿಧಾನದಿಂದ ಒಟ್ಟು ಕೊಲೆಸ್ಟ್ರಾಲಿನ ಅಳತೆ ಸುಲಭವಾಯಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಪ್ರಯೋಗಾಲಯಗಳ ಫಲಿತಾಂಶಗಳನ್ನು ಏಕರೂಪಕ್ಕೆ ತರುವ ಹೊಣೆ ಹೊತ್ತಿತು. ಈ ಶಿಸ್ತಿನ ತಳಹದಿಯ ಮೇಲೆ ನಡೆದ ಅಮೆರಿಕದ ದೊಡ್ಡ ಅಧ್ಯಯನವೊಂದರ ಫಲಿತಾಂಶ 1984ರಲ್ಲಿ ಹೊರಬಿದ್ದಿತು. ಕೊಲೆಸ್ಟ್ರಾಲ್ ಹೆಚ್ಚಿದ್ದ 3,806 ಪುರುಷರಲ್ಲಿ, ಅದನ್ನು ಇಳಿಸುವ ಔಷಧ ಪಡೆದವರಿಗೆ ಹೃದಯಾಘಾತ ಮತ್ತು ಹೃದ್ರೋಗದ ಸಾವು ಶೇ. 19ರಷ್ಟು ಕಡಿಮೆಯಾಗಿತ್ತು.

ಅಷ್ಟರಲ್ಲಿ ಫ್ರೆಡ್ರಿಕ್ಸನ್ ಪ್ರಯೋಗಾಲಯದಿಂದ ಆಡಳಿತಕ್ಕೆ ಸರಿದಿದ್ದರು. 1975ರಿಂದ 1981ರವರೆಗೆ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ನಿರ್ದೇಶಕರಾಗಿದ್ದರು. ವಂಶವಾಹಿಗಳನ್ನು ಕತ್ತರಿಸಿ ಜೋಡಿಸುವ ಹೊಸ ತಂತ್ರ ಜಗತ್ತನ್ನೇ ಬೆಚ್ಚಿಬೀಳಿಸಿದ್ದ ದಿನಗಳವು. ಆ ಸಂಶೋಧನೆಯನ್ನು ನಿಷೇಧಿಸದೆ, ಲಗಾಮಿಲ್ಲದೆಯೂ ಬಿಡದೆ, 1976ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿದ ಕೀರ್ತಿ ಅವರದು. ಸಾಧನವನ್ನು ಬಳಸು, ಎಲ್ಲೆಯನ್ನು ಮರೆಯಬೇಡ ಎಂಬ ನಿಲುವು ಇಲ್ಲಿಯೂ ಕಾಣುತ್ತದೆ. 1984ರಿಂದ 1987ರವರೆಗೆ ಹೊವಾರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆಯ ಅಧ್ಯಕ್ಷರಾಗಿದ್ದ ಅವರು 2002ರ ಜೂನ್ 7ರಂದು ತಮ್ಮ 77ನೇ ವಯಸ್ಸಿನಲ್ಲಿ ನಿಧನರಾದರು.

ಮರೆತ ಎಲ್ಲೆ

ಅವರ ಸೂತ್ರ ಅವರ ನಂತರವೂ ಬಾಳಿತು. ಆದರೆ ಅದರ ಜತೆಗಿದ್ದ ಎಚ್ಚರಿಕೆ ಅಷ್ಟಾಗಿ ಬಾಳಲಿಲ್ಲ. 1972ರಲ್ಲಿ ವೈದ್ಯರ ಕಾಳಜಿ ಎಲ್‌ಡಿಎಲ್ ಬಹಳ ಏರಿದವರ ಬಗೆಗಿತ್ತು. ಸ್ಟಾಟಿನ್ ಗುಳಿಗೆಗಳು ಬಂದ ಮೇಲೆ ಅನೇಕ ಹೃದ್ರೋಗಿಗಳಿಗೆ ಅದನ್ನು 70ಕ್ಕಿಂತ ಕೆಳಗಿಳಿಸುವುದು ಗುರಿಯಾಯಿತು. ಸೂತ್ರ ಹೆಚ್ಚು ಎಡವುವುದು ಅಲ್ಲಿಯೇ. ಒಟ್ಟು ಕೊಲೆಸ್ಟ್ರಾಲ್ 160, ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 300 ಇರುವ ವ್ಯಕ್ತಿಗೆ ಸೂತ್ರ ನೀಡುವ ಎಲ್‌ಡಿಎಲ್ 60. ಆತನಲ್ಲಿ ನಿಜವಾದ ಅನುಪಾತ ಐದರ ಬದಲು ಏಳೂವರೆ ಇದ್ದರೆ ಎಲ್‌ಡಿಎಲ್ 80 ಆಗುತ್ತದೆ. ಕಾಗದದ ಮೇಲೆ ಗುರಿ ಮುಟ್ಟಿದಂತೆ ಕಂಡರೂ ದೇಹದಲ್ಲಿ ಅಪಾಯ ಹಾಗೆಯೇ ಉಳಿದಿರುತ್ತದೆ. ಟ್ರೈಗ್ಲಿಸರೈಡ್ ಏರಿಕೆ ಸಾಮಾನ್ಯವಾಗಿರುವ ಭಾರತೀಯರಿಗೆ ಇದು ದೂರದ ಮಾತಲ್ಲ.

2013ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸೇತ್ ಮಾರ್ಟಿನ್ ಮತ್ತು ಸಂಗಡಿಗರು 13 ಲಕ್ಷಕ್ಕೂ ಮಿಗಿಲಾದ ರಕ್ತ ಮಾದರಿಗಳ ಆಧಾರದಿಂದ, ಐದು ಎಂಬ ಸ್ಥಿರಾಂಕದ ಬದಲಿಗೆ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವ ಭಾಜಕವನ್ನು ಸೂಚಿಸಿದರು. 2020ರಲ್ಲಿ ಮೌರೀನ್ ಸ್ಯಾಂಪ್ಸನ್ ಮತ್ತು ಸಹೋದ್ಯೋಗಿಗಳು ಟ್ರೈಗ್ಲಿಸರೈಡ್ 800ರವರೆಗೂ ಸಲ್ಲುವ ಹೊಸ ಸಮೀಕರಣವನ್ನು ಪ್ರಕಟಿಸಿದರು. ಅದು ರೂಪುಗೊಂಡದ್ದು ಬೆಥೆಸ್ಡಾದ ಅದೇ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ. ಹಳೆಯ ಲೆಕ್ಕ ಹುಟ್ಟಿದ ಮನೆಯಲ್ಲಿಯೇ ಅದರ ತಿದ್ದುಪಡಿಯೂ ಹುಟ್ಟಿತು.

ಹಳೆಯ ಸೂತ್ರ ಇಂದಿಗೂ ಬಳಕೆಯಿಂದ ಮರೆಯಾಗಿಲ್ಲ. ಟ್ರೈಗ್ಲಿಸರೈಡ್ ಏರಿದ್ದು ಎಲ್‌ಡಿಎಲ್ ತೀರ ಇಳಿದಂತೆ ಕಂಡಾಗ, ಆ ಅಂಕಿ ಅಳತೆಯದೋ ಲೆಕ್ಕದ್ದೋ, ಲೆಕ್ಕವಾದರೆ ಯಾವ ಸೂತ್ರದ್ದು ಎಂದು ವೈದ್ಯರಲ್ಲಿ ವಿಚಾರಿಸುವುದು ವಿಹಿತ. ಅರ್ಧ ಶತಮಾನದ ಹಿಂದೆ ಫ್ರೆಡ್ರಿಕ್ಸನ್ ಮತ್ತು ಸಂಗಡಿಗರು ಸೂತ್ರದ ಪಕ್ಕದಲ್ಲೇ ಬರೆದಿಟ್ಟ ಎಚ್ಚರಿಕೆಯೂ ಅದೇ ಆಗಿತ್ತು.