ವಿಲಿಯಂ ಪ್ಲೇಫೇರ್

ವಿಲಿಯಂ ಪ್ಲೇಫೇರ್ (22 ಸೆಪ್ಟೆಂಬರ್ 1759 – 11 ಫೆಬ್ರವರಿ 1823) ಸ್ಕಾಟ್‌ಲೆಂಡಿನ ಎಂಜಿನಿಯರ್, ಅರ್ಥಶಾಸ್ತ್ರ ಲೇಖಕ ಹಾಗೂ ಅಂಕಿಅಂಶಗಳ ಚಿತ್ರನಿರೂಪಣೆಯ ಪ್ರವರ್ತಕರು. ಆರ್ಥಿಕ ಅಂಕಿಅಂಶಗಳಿಗೆ ರೇಖಾನಕ್ಷೆ, ಸ್ತಂಭನಕ್ಷೆ ಮತ್ತು ವೃತ್ತನಕ್ಷೆಗಳನ್ನು (ಪೈ ಚಾರ್ಟ್) ಬಳಕೆಗೆ ತಂದವರು ಇವರೇ. ಇಂದಿನ ಬಿಸಿನೆಸ್ ಇಂಟೆಲಿಜೆನ್ಸ್ ತಂತ್ರಾಂಶಗಳ ಪರದೆಯಲ್ಲಿ ಕಾಣುವ ಪ್ರಮುಖ ನಕ್ಷೆಗಳಿಗೆ ಇವರ ಕೃತಿಗಳೇ ಮೂಲ.

ಬಾಲ್ಯ ಮತ್ತು ತರಬೇತಿ

ಪ್ಲೇಫೇರ್ ಡಂಡಿ ನಗರದ ಸಮೀಪದ ಬೆನ್ವಿ ಗ್ರಾಮದಲ್ಲಿ ಜನಿಸಿದರು. ತಂದೆ ಜೇಮ್ಸ್ ಪ್ಲೇಫೇರ್ ಕ್ರೈಸ್ತ ಪಾದ್ರಿಯಾಗಿದ್ದರು. 1772ರಲ್ಲಿ ತಂದೆ ತೀರಿಕೊಂಡ ನಂತರ ಹಿರಿಯಣ್ಣ ಜಾನ್ ಪ್ಲೇಫೇರ್ ಕುಟುಂಬದ ಹೊಣೆ ಹೊತ್ತರು. ಇವರು ಮುಂದೆ ಗಣಿತಜ್ಞರಾಗಿಯೂ ಭೂವಿಜ್ಞಾನಿಯಾಗಿಯೂ ಹೆಸರಾದರು. ಉಷ್ಣಮಾಪಕದ ದೈನಂದಿನ ಅಳತೆಗಳನ್ನು ರೇಖೆಗಳ ಮೂಲಕ ಗುರುತಿಸಿಡುವ ಅಭ್ಯಾಸವನ್ನು ತಮ್ಮನಿಗೆ ಮಾಡಿಸಿದವರು ಜಾನ್. ಸಂಖ್ಯೆಯನ್ನು ರೇಖೆಯ ಉದ್ದವಾಗಿ ತೋರಿಸುವ ಕಲ್ಪನೆ ಪ್ಲೇಫೇರ್ ಅವರಲ್ಲಿ ಬೇರೂರಿದ್ದು ಹೀಗೆ.

ಒಕ್ಕಣೆ ಯಂತ್ರದ ನಿರ್ಮಾತೃ ಆಂಡ್ರ್ಯೂ ಮೈಕಲ್ ಅವರಲ್ಲಿ ಕೆಲಸ ಕಲಿತ ಪ್ಲೇಫೇರ್, 1777ರಲ್ಲಿ ಬರ್ಮಿಂಗ್‌ಹ್ಯಾಮಿನ ಬೋಲ್ಟನ್ ಅಂಡ್ ವಾಟ್ ಸಂಸ್ಥೆಯನ್ನು ಸೇರಿ, ಜೇಮ್ಸ್ ವಾಟ್ ಅವರ ಸಹಾಯಕರಾಗಿಯೂ ನಕ್ಷೆಗಾರರಾಗಿಯೂ ದುಡಿದರು. ಅನಂತರ ಲಂಡನ್ನಿನಲ್ಲಿ ಆರಂಭಿಸಿದ ಬೆಳ್ಳಿ ಸಾಮಗ್ರಿಗಳ ವ್ಯಾಪಾರ ಯಶಸ್ವಿಯಾಗಲಿಲ್ಲ.

ವಾಣಿಜ್ಯ ಮತ್ತು ರಾಜಕೀಯ ಅಟ್ಲಾಸ್

1786ರಲ್ಲಿ ಪ್ರಕಟವಾದ 'ವಾಣಿಜ್ಯ ಮತ್ತು ರಾಜಕೀಯ ಅಟ್ಲಾಸ್' ಪ್ಲೇಫೇರ್ ಅವರ ಪ್ರಮುಖ ಕೃತಿ. ಅಂದಿನ ವ್ಯಾಪಾರದ ಲೆಕ್ಕಗಳು ಉದ್ದುದ್ದನೆಯ ಕೋಷ್ಟಕಗಳಲ್ಲಿ ಅಡಗಿದ್ದವು. ರಾಜ್ಯಾಡಳಿತ ಮತ್ತು ವ್ಯವಹಾರಗಳಲ್ಲಿ ತೊಡಗಿದವರಿಗೆ ಅವನ್ನು ಸಾಲುಸಾಲಾಗಿ ಓದುವ ಬಿಡುವಿರಲಿಲ್ಲ. ಓದಿದರೂ ಸಂಖ್ಯೆಗಳು ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಕಣ್ಣು ಪ್ರಮಾಣವನ್ನು ಬೇಗ ಗ್ರಹಿಸುವುದರಿಂದ ಹಣದ ಮೊತ್ತವನ್ನೂ ಚಿತ್ರವಾಗಿ ತೋರಿಸಬಹುದೆಂಬುದು ಪ್ಲೇಫೇರ್ ಅವರ ನಿಲುವಾಗಿತ್ತು. 1765ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಚಾರಿತ್ರಿಕ ವ್ಯಕ್ತಿಗಳ ಜೀವಿತಾವಧಿಯನ್ನು ರೇಖೆಗಳಲ್ಲಿ ತೋರಿಸಿದ್ದು ಇದಕ್ಕೆ ಪೂರ್ವನಿದರ್ಶನವಾಗಿತ್ತು.

ಓದುಗರ ಅನುಕೂಲಕ್ಕೆ ತಕ್ಕಂತೆ ಈ ನಕ್ಷೆಗಳನ್ನು ರಚಿಸಲಾಗಿತ್ತು. ವರ್ಷಗಳನ್ನು ಅಡ್ಡಲಾಗಿ, ಹಣದ ಮೊತ್ತವನ್ನು ಲಂಬವಾಗಿ ಗುರುತಿಸಲಾಯಿತು. ಆಮದು ಮತ್ತು ರಫ್ತಿನ ಹೆಸರುಗಳನ್ನು ಆಯಾ ರೇಖೆಗಳ ಮೇಲೆಯೇ ಬರೆಯಲಾಯಿತು. ಎರಡು ರೇಖೆಗಳ ನಡುವಿನ ಜಾಗಕ್ಕೆ ಬಣ್ಣ ತುಂಬಿ, ವ್ಯಾಪಾರದ ಉಳಿಕೆ ದೇಶಕ್ಕೆ ಅನುಕೂಲವೋ ಪ್ರತಿಕೂಲವೋ ಎಂಬುದನ್ನು ತೋರಿಸಲಾಯಿತು. ಡೆನ್ಮಾರ್ಕ್ ಮತ್ತು ನಾರ್ವೆಗಳೊಂದಿಗಿನ ಇಂಗ್ಲೆಂಡಿನ ವ್ಯಾಪಾರದ ನಕ್ಷೆಯಲ್ಲಿ, 1750ರ ದಶಕದ ನಡುಭಾಗದಲ್ಲಿ ಎರಡು ರೇಖೆಗಳು ಪರಸ್ಪರ ದಾಟುವುದನ್ನು ಒಂದೇ ನೋಟದಲ್ಲಿ ಗುರುತಿಸಬಹುದು.

ಸ್ಕಾಟ್‌ಲೆಂಡಿನ ವ್ಯಾಪಾರದ ಬಗ್ಗೆ ಪ್ಲೇಫೇರ್ ಅವರಿಗೆ ಒಂದೇ ವರ್ಷದ ಅಂಕಿಅಂಶಗಳು ದೊರೆತಿದ್ದವು. ಆದ್ದರಿಂದ 17 ಸ್ಥಳಗಳೊಂದಿಗಿನ ಆಮದು-ರಫ್ತುಗಳನ್ನು ಪಟ್ಟಿಗಳ ರೂಪದಲ್ಲಿ ಜೋಡಿಸಿದರು. ಸ್ತಂಭನಕ್ಷೆ ಹೀಗೆ ಮಾಹಿತಿಯ ಕೊರತೆಯಿಂದ ಹುಟ್ಟಿತು. ಕಾಲದ ಹರಿವನ್ನು ತೋರಿಸದ ಕಾರಣ ಪ್ಲೇಫೇರ್ ಅದನ್ನು ಕಡಿಮೆ ಉಪಯುಕ್ತವೆಂದೇ ಭಾವಿಸಿದ್ದರು.

ಫ್ರಾನ್ಸ್ ವಾಸ ಮತ್ತು ಸಂಕಷ್ಟಗಳು

1787ರಲ್ಲಿ ಪ್ಲೇಫೇರ್ ಪ್ಯಾರಿಸ್ಸಿಗೆ ತೆರಳಿದರು. ಅಟ್ಲಾಸ್‌ನ ಪ್ರತಿ ಹದಿನಾರನೆಯ ಲೂಯಿ ದೊರೆಯ ಕೈಸೇರಿ ಮೆಚ್ಚುಗೆ ಪಡೆಯಿತೆಂದು ಮುಂದೆ ದಾಖಲಿಸಿದ್ದಾರೆ. ಅಲ್ಲಿ ಅವರು ಅಮೆರಿಕದ ಓಹಾಯೋ ಪ್ರದೇಶದ ಭೂಮಿಯನ್ನು ಫ್ರೆಂಚರಿಗೆ ಮಾರುತ್ತಿದ್ದ ಸಯೋಟೊ ಕಂಪನಿಯ ವ್ಯವಹಾರದಲ್ಲಿ ಪಾಲ್ಗೊಂಡರು. ಆ ಭೂಮಿಯ ಒಡೆತನವೇ ಕಂಪನಿಗೆ ಇರಲಿಲ್ಲವಾದ್ದರಿಂದ, ಸಾಗರ ದಾಟಿ ಹೋದ ವಲಸಿಗರು ತೀವ್ರ ತೊಂದರೆಗೊಳಗಾದರು. ಈ ಪ್ರಕರಣ ಪ್ಲೇಫೇರ್ ಅವರ ಹೆಸರಿಗೆ ಕಳಂಕ ತಂದಿತು. ಲಂಡನ್ನಿಗೆ ಮರಳಿದ ಬಳಿಕ 1797ರಲ್ಲಿ ತೆರೆದ ಬ್ಯಾಂಕ್ ಸಹ ವಿಫಲವಾಯಿತು. ಸಾಲದ ಕಾರಣ ಫ್ಲೀಟ್ ಸೆರೆಮನೆಯಲ್ಲಿಯೂ ಇರಬೇಕಾಯಿತು.

ನಂತರದ ಕೃತಿಗಳು

1801ರಲ್ಲಿ ಪ್ರಕಟವಾದ 'ಸ್ಟ್ಯಾಟಿಸ್ಟಿಕಲ್ ಬ್ರೀವಿಯರಿ' ಕೃತಿಯಲ್ಲಿ ದೇಶಗಳ ವಿಸ್ತೀರ್ಣವನ್ನು ವೃತ್ತಗಳಿಂದ ತೋರಿಸಲಾಗಿದೆ. ತುರ್ಕಿ ಸಾಮ್ರಾಜ್ಯದ ವೃತ್ತವನ್ನು ಏಷ್ಯಾ, ಯೂರೋಪ್ ಮತ್ತು ಆಫ್ರಿಕಾ ಖಂಡಗಳಲ್ಲಿನ ಭಾಗಗಳಿಗೆ ಅನುಗುಣವಾಗಿ ವಿಭಾಗಿಸಲಾಗಿದ್ದು, ಇದನ್ನು ಮೊದಲ ವೃತ್ತನಕ್ಷೆಯೆಂದು ಪರಿಗಣಿಸಲಾಗುತ್ತದೆ. 1805ರಲ್ಲಿ ಆಡಂ ಸ್ಮಿತ್ ಅವರ 'ವೆಲ್ತ್ ಆಫ್ ನೇಷನ್ಸ್' ಗ್ರಂಥದ ಹನ್ನೊಂದನೆಯ ಆವೃತ್ತಿಯನ್ನು ಸಂಪಾದಿಸಿದರು. 1821ರ ನಕ್ಷೆಯೊಂದರಲ್ಲಿ ಸುಮಾರು 250 ವರ್ಷಗಳ ಗೋಧಿಯ ಬೆಲೆ, ಕುಶಲಕರ್ಮಿಗಳ ವಾರದ ಕೂಲಿ ಮತ್ತು ಅರಸರ ಆಳ್ವಿಕೆಯ ಅವಧಿಗಳನ್ನು ಒಟ್ಟಿಗೆ ಜೋಡಿಸಿದರು.

ವಿಮರ್ಶೆ

ಪ್ಲೇಫೇರ್ ಅವರ ಎಲ್ಲ ನಕ್ಷೆಗಳೂ ಸಮಾನವಾಗಿ ಸ್ಪಷ್ಟವಾಗಿಲ್ಲ. ಬ್ರೀವಿಯರಿಯಲ್ಲಿ ವೃತ್ತದ ಎಡಗಡೆ ಜನಸಂಖ್ಯೆಯ ರೇಖೆಯೂ ಬಲಗಡೆ ತೆರಿಗೆಯ ರೇಖೆಯೂ ಇದ್ದು, ಅವುಗಳ ತುದಿಗಳನ್ನು ಮತ್ತೊಂದು ರೇಖೆ ಜೋಡಿಸುತ್ತದೆ. ಇದರ ಇಳಿಜಾರು ತೆರಿಗೆಯ ಭಾರವನ್ನು ಸೂಚಿಸಬೇಕಿತ್ತು. ಆದರೆ ವೃತ್ತದ ಅಗಲ ಬದಲಾದಂತೆ ಇಳಿಜಾರೂ ಬದಲಾಗುವುದರಿಂದ ದೇಶಗಳ ಹೋಲಿಕೆ ದಾರಿತಪ್ಪಿಸುತ್ತದೆ. ಗೋಧಿಯ ನಕ್ಷೆಯಲ್ಲಿಯೂ ಕೂಲಿಗೆ ಹೋಲಿಸಿದರೆ ಗೋಧಿ ಅಗ್ಗವಾಗಿದೆ ಎಂಬ ಮುಖ್ಯ ಅಂಶ ನೇರವಾಗಿ ಕಾಣದೆ, ಬರಹದಲ್ಲಿ ವಿವರಿಸಬೇಕಾಯಿತು.

ಪ್ರಭಾವ

ಬ್ರಿಟನ್ನಿನಲ್ಲಿ ಈ ವಿಧಾನಕ್ಕೆ ಮನ್ನಣೆ ನಿಧಾನವಾಗಿ ದೊರೆಯಿತು. ಜರ್ಮನಿಯ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಇದರ ಮಹತ್ವವನ್ನು ಮೊದಲೇ ಗುರುತಿಸಿದ್ದರು. 1860ರ ದಶಕದಲ್ಲಿ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಬೆಲೆಗಳ ಏರಿಳಿತವನ್ನು ನಕ್ಷೆಗಳ ಮೂಲಕ ನಿರೂಪಿಸಿದರು. ಪ್ಲೇಫೇರ್ ಬಡತನದಲ್ಲಿಯೇ 1823ರಲ್ಲಿ ಲಂಡನ್ನಿನಲ್ಲಿ ನಿಧನರಾದರು. ತಜ್ಞರಲ್ಲದವರೂ ಲೆಕ್ಕವನ್ನು ನೋಡಿ ನಿರ್ಧಾರ ಕೈಗೊಳ್ಳುವಂತಿರಬೇಕೆಂಬ ಅವರ ಆಶಯ ಇಂದಿನ ಡ್ಯಾಶ್‌ಬೋರ್ಡ್‌ಗಳ ವಿನ್ಯಾಸದಲ್ಲಿ ಮುಂದುವರಿದಿದೆ.