ಅಣೆಕಟ್ಟಿನ ಗೇಟಿಗೂ ನಿಮ್ಮ ಮನೆಯ ಫ್ಲಶ್ ಟ್ಯಾಂಕಿಗೂ ಏನು ಸಂಬಂಧ? ಸರ್ ಎಂ.ವಿ. ಬದುಕಿನಿಂದ ಒಂದು ಪಾಠ

ಸೆಪ್ಟೆಂಬರ್ 15 ಬಂತೆಂದರೆ ಸಾಕು, ಸರ್ ಎಂ. ವಿಶ್ವೇಶ್ವರಯ್ಯನವರ ಪೇಟ ತೊಟ್ಟ ಫೋಟೋ ಎಲ್ಲರ ವಾಟ್ಸ್ಆ್ಯಪ್‌ಗೂ ಬರುತ್ತದೆ. ಕನ್ನಂಬಾಡಿ ಕಟ್ಟೆಯ ಕಥೆ ಎಲ್ಲರಿಗೂ ಗೊತ್ತು. ಆದರೆ ಅವರು ಪರಿಹರಿಸಿದ ಸಮಸ್ಯೆಯೊಂದರ ಪುಟ್ಟ ರೂಪ ನಮ್ಮ ಟಾಯ್ಲೆಟ್‌ನಲ್ಲೇ ಇದೆ. ಅದೇನೆಂದರೆ, ಕೂಡಿಟ್ಟ ನೀರು ಸುಮ್ಮನೆ ಹರಿದುಹೋಗುವುದು.

ಮುದ್ದೇನಹಳ್ಳಿಯಿಂದ ಪುಣೆಗೆ

ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿ ಅವರ ಊರು. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಮನೆಪಾಠ ಹೇಳಿ ಖರ್ಚು ನಿಭಾಯಿಸುತ್ತಾ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತು, 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು.

ತಾನೇ ತೆರೆದು ಮುಚ್ಚುವ ಗೇಟು

ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಮಳೆಗಾಲದ ನೀರು ಕೋಡಿ ಹರಿದು ಹೋಗುತ್ತಿತ್ತು, ಬೇಸಿಗೆಗೆ ಸಾಲುತ್ತಿರಲಿಲ್ಲ. ಕಟ್ಟೆಯನ್ನು ಎತ್ತರಿಸುವ ಬದಲು ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ಸ್ವಯಂಚಾಲಿತ ಗೇಟು ಕೂರಿಸಿದರು. 1903ರಲ್ಲಿ ಅಳವಡಿಸಿದ ಈ ಗೇಟುಗಳು ಸುಮಾರು 8 ಅಡಿ ಹೆಚ್ಚು ನೀರನ್ನು ಹಿಡಿದಿಟ್ಟವು. ಮಟ್ಟ ಮಿತಿ ಮೀರಿದರೆ ತಾವೇ ತೆರೆದುಕೊಳ್ಳುತ್ತವೆ, ಇಳಿದರೆ ತಾವೇ ಮುಚ್ಚಿಕೊಳ್ಳುತ್ತವೆ. ಮುಂದೆ ಕನ್ನಂಬಾಡಿಗೂ ಇಂಥ ಗೇಟುಗಳು ಬಂದವು.

ನಮ್ಮ ಫ್ಲಶ್ ಟ್ಯಾಂಕಿನ ಒಳಗಿನ ತೇಲುವ ಬಾಲ್ ಮಾಡುವುದೂ ಇಂಥದ್ದೇ ಕೆಲಸ. ಅದನ್ನು ಕಂಡುಹಿಡಿದವರು ಅವರಲ್ಲ. ಆದರೆ ತತ್ವ ಒಂದೇ: ನೀರಿನ ಮಟ್ಟವೇ ಕಾವಲುಗಾರ.

ಮಾಗಡಿಗೆ ಬಂದ ನಂಟು

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಿಂದ 1918ರವರೆಗೆ ದಿವಾನರು. ನಿವೃತ್ತಿಯ ನಂತರವೂ ನೀರಿನ ಕೆಲಸ ಅವರನ್ನು ಬಿಡಲಿಲ್ಲ. 1925-26ರಲ್ಲಿ ಮಳೆ ಕೈಕೊಟ್ಟು ಹೆಸರಘಟ್ಟ ಕೆರೆ ಬತ್ತಿದಾಗ ಬೆಂಗಳೂರು ಬಾಯಾರಿತು. ಅವರ ಮಾರ್ಗದರ್ಶನದಲ್ಲಿ ರೂಪುಗೊಂಡ ಯೋಜನೆಯಂತೆ, ಮಾಗಡಿ ತಾಲ್ಲೂಕಿನಲ್ಲಿ ಅರ್ಕಾವತಿ ಮತ್ತು ಕುಮುದ್ವತಿ ಸೇರುವ ಕಡೆ ತಿಪ್ಪಗೊಂಡನಹಳ್ಳಿ ಜಲಾಶಯ ಎದ್ದುನಿಂತಿತು. ಅದು ಮುಗಿದದ್ದು 1933ರಲ್ಲಿ. ಅದೇ ಅರ್ಕಾವತಿ ಮುಂದೆ ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಇಂದು ಬೆಂಗಳೂರಿಗೆ ಹೋಗುವ ಕಾವೇರಿ ನೀರನ್ನು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಹಂತವಾಗಿ ಪಂಪ್ ಮಾಡಿ ಮೇಲೆತ್ತುತ್ತಾರೆ.

1955ರಲ್ಲಿ ಭಾರತ ರತ್ನ ಪಡೆದ ಅವರು ನೂರು ದಾಟಿ ಬದುಕಿ, 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಶಬ್ದ ಬರದಿದ್ದರೆ ಸೋರಿಕೆ ಇಲ್ಲವೇ?

ಇದು ತಪ್ಪು ನಂಬಿಕೆ. ಎಷ್ಟೋ ಟ್ಯಾಂಕುಗಳು ಸದ್ದಿಲ್ಲದೆ ಸೋರುತ್ತವೆ. 10 ನಿಮಿಷಕ್ಕೆ ಒಂದು ಲೋಟ, ಅಂದರೆ 200 ಮಿ.ಲೀ. ಸೋರಿದರೂ ದಿನಕ್ಕೆ ಸುಮಾರು 29 ಲೀಟರ್, ವರ್ಷಕ್ಕೆ 10 ಸಾವಿರ ಲೀಟರ್ ದಾಟುತ್ತದೆ.

ಪರೀಕ್ಷೆ ಸುಲಭ. ಟ್ಯಾಂಕಿನ ಮುಚ್ಚಳ ತೆಗೆದು, ಅಡುಗೆಗೆ ಬಳಸುವ ಫುಡ್ ಕಲರ್ ನಾಲ್ಕೈದು ಹನಿ ಹಾಕಿ. ಅರ್ಧ ಗಂಟೆ ಫ್ಲಶ್ ಮಾಡಬೇಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಟ್ಯಾಂಕ್ ಸೋರುತ್ತಿದೆ ಎಂದರ್ಥ.

ಎಲ್ಲಿ ಸೋರುತ್ತಿದೆ? ಕೆರೆಯನ್ನು ನೆನಪಿಸಿಕೊಳ್ಳಿ: ಒಂದು ಕೋಡಿ, ಒಂದು ತೂಬು.

• ಕೋಡಿ: ನಡುವೆ ನಿಂತ ಓವರ್‌ಫ್ಲೋ ಪೈಪಿನೊಳಗೆ ನೀರು ಇಳಿಯುತ್ತಿದ್ದರೆ ಬಾಲ್ ತೀರಾ ಮೇಲಿದೆ. ನೀರು ಪೈಪಿನ ಬಾಯಿಗಿಂತ ಒಂದು ಇಂಚು ಕೆಳಗೆ ನಿಲ್ಲುವಂತೆ ಸ್ಕ್ರೂ ತಿರುಗಿಸಿ ಸರಿಪಡಿಸಿ. ಆಗಲೂ ನೀರು ನಿಲ್ಲದಿದ್ದರೆ ಒಳಬರುವ ವಾಲ್ವ್ ಬದಲಿಸಬೇಕು.

• ತೂಬು: ನೀರು ಅಷ್ಟು ಎತ್ತರಕ್ಕೆ ಹೋಗದೆಯೂ ಬಣ್ಣ ಇಳಿದರೆ ತಳದ ರಬ್ಬರ್ ವಾಷರ್ ಸವೆದಿದೆ, ಇಲ್ಲವೇ ಬೋರ್‌ವೆಲ್ ನೀರಿನ ಉಪ್ಪು ಕಟ್ಟಿದೆ. ಗೋಡೆಯ ಆ್ಯಂಗಲ್ ಕಾಕ್ ಮುಚ್ಚಿ, ಫ್ಲಶ್ ಮಾಡಿ ಟ್ಯಾಂಕ್ ಖಾಲಿ ಮಾಡಿ. ವಾಷರ್ ಮತ್ತು ಅದು ಕೂರುವ ಜಾಗವನ್ನು ಒರೆಸಿ. ಗಟ್ಟಿಯಾಗಿದ್ದರೆ ಹಳೆಯದನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತನ್ನಿ.

ಕೊನೆಗೆ ಬಣ್ಣದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಮುಂದಿನ ಸೆಪ್ಟೆಂಬರ್ 15ಕ್ಕೆ ಸರ್ ಎಂ.ವಿ. ಫೋಟೋ ಫಾರ್ವರ್ಡ್ ಮಾಡುವ ಮುನ್ನ ಒಮ್ಮೆ ಟ್ಯಾಂಕಿನ ಮುಚ್ಚಳ ಎತ್ತಿ ನೋಡಿ.